ಹುಳುಮನೆ, ಲೇತು, ಒಲೆ: ಮನೆ ಕಟ್ಟುತ್ತಾ ಕಲಿತದ್ದು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೆಲಸ ಕಲಿತು ರಾಮನಗರದ ಸೀಮೆಗೆ ಬಂದ ಆರ್ಕಿಟೆಕ್ಟ್ ನಾನು. ಅಲ್ಲಿ ಮನೆ ಬೇರೆ, ದುಡಿಯುವ ಜಾಗ ಬೇರೆ. ಇಲ್ಲಿ ಎಷ್ಟೋ ಕಡೆ ಎರಡಕ್ಕೂ ಒಂದೇ ಸೂರು. ಅದು ತಿಳಿಯುವ ಮೊದಲು ಮಾಡಿದ ಕೆಲಸಗಳ ಬಗ್ಗೆ, ಈಗ ಇತ್ತ ಬರುತ್ತಿರುವ ಕಿರಿಯರಿಗಾಗಿ ಬರೆಯುತ್ತಿದ್ದೇನೆ.

1. ಜಗಲಿ ಮುಟ್ಟುವ ಮೊದಲು ಚಂದ್ರಿಕೆ ಎಲ್ಲಿಡುತ್ತಾರೆಂದು ಕೇಳಿ

ಕನಕಪುರದ ಕಡೆ ಒಂದು ರೇಷ್ಮೆ ಕುಟುಂಬದ ಹಳೇ ಮನೆ ಸರಿಮಾಡುವಾಗ, ಜಗಲಿ ಸುಮ್ಮನೆ ಬಿದ್ದಿರುವ ಜಾಗವೆಂದುಕೊಂಡು ಗೋಡೆ ಎಬ್ಬಿಸಿ ಕೋಣೆ ಮಾಡಿಕೊಟ್ಟೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ವಾರದ ಹೊತ್ತಿಗೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಯಿತು. ಹಣ್ಣಾದ ಹುಳು ಬಿಡುವ ಬಿದಿರಿನ ಚಂದ್ರಿಕೆ 6 ಅಡಿ ಉದ್ದ, 4 ಅಡಿ ಅಗಲ. ಅದನ್ನು ಬಿಸಿಲು, ಮಳೆ ತಾಗದೆ ಗಾಳಿಯಾಡುವ ಕಡೆ ಒರಗಿಸಬೇಕು. ಗೂಡು ಕಟ್ಟುವ ಮೊದಲು ಹುಳು ಉಚ್ಚೆ ಹೊಯ್ಯುತ್ತದೆ. ಆ ತೇವ ಅಲ್ಲೇ ನಿಂತರೆ ಎಳೆ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಜಗಲಿ ಇಲ್ಲದೆ ಚಂದ್ರಿಕೆಗಳೆಲ್ಲ ನನ್ನ ಉಸಿರುಗಟ್ಟುವ ಕೋಣೆ ಸೇರಿದವು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಆ ಬೆಳೆಗೆ ರೇಟು ಸಿಗಲಿಲ್ಲ.

"ಒಂದ್ ಮಾತು ಕೇಳಿದ್ರೆ ಹೇಳ್ತಿದ್ವಲ್ಲಪ್ಪ" ಎಂದರು ಆ ಮನೆಯ ಅಜ್ಜಿ. ನಾನು ನಕ್ಷೆ ಬಿಚ್ಚಿ ಕೂತಿದ್ದು ಗಂಡಸರ ಜೊತೆ. ಹೊತ್ತುಹೊತ್ತಿಗೆ ಸೊಪ್ಪು ಹಾಕುವವರು ಹೆಂಗಸರು. ಗೋಡೆಯನ್ನು ನನ್ನ ಖರ್ಚಿನಲ್ಲೇ ಒಡೆಸಿದೆ. ಹೋದ ಬೆಳೆ ಮಾತ್ರ ಹೋಯಿತು.

2. ಬರೀ ದೊಡ್ಡ ಕಿಟಕಿ ಸಾಲದು

ಮಾಗಡಿ ಕಡೆಯ ಒಂದು ಹುಳುಮನೆಗೆ ಧಾರಾಳವಾಗಿ ಕಿಟಕಿ ಇಟ್ಟೆ, ಪರದೆ ಮರೆತೆ. 1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿ ನೊಣ ಪರದೆಯಿಲ್ಲದ ಕಿಟಕಿಯಿಂದ ಒಳನುಗ್ಗಿ ಹುಳುವಿನ ಮೈಮೇಲೇ ಮೊಟ್ಟೆ ಇಡುತ್ತದೆ. ಕಿಟಕಿಗೆ ನೈಲಾನ್ ಪರದೆ, ಬಾಗಿಲ ಮುಂದೆ ಇನ್ನೊಂದು ಬಾಗಿಲಿರುವ ಪುಟ್ಟ ಕೋಣೆ, ಇವೆರಡೂ ಮೊದಲ ನಕ್ಷೆಯಲ್ಲೇ ಇರಲಿ.

3. ಬೆಳಕಿನ ಜಾಗ ಲೇತಿಗೆ

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರೊಬ್ಬರ ಮನೆಯಲ್ಲಿ ಸದ್ದಿಗೆ ಹೆದರಿ ಲೇತನ್ನು ಹಿಂದಿನ ಕೋಣೆಗೆ ತಳ್ಳಿದೆ. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ. ಎಲ್ಲವೂ ಕಣ್ಣಂದಾಜಿನ ಕೆಲಸ. ಟ್ಯೂಬ್‌ಲೈಟಿನಲ್ಲಿ ಅವರಿಗೆ ಅದು ಒಗ್ಗಲಿಲ್ಲ. ತಿಂಗಳೊಳಗೆ ಲೇತು ಬಾಗಿಲ ಪಕ್ಕಕ್ಕೆ ವಾಪಸ್ ಬಂತು, ಮಕ್ಕಳ ಹಾಸಿಗೆ ಹಿಂದಕ್ಕೆ ಹೋಯಿತು. ಅವರು ಮಾಡಿದ್ದೇ ಸರಿಯಾದ ನಕ್ಷೆ.

4. ಒಂದು ಮನೆಯ ಹೊಗೆ ಒಂದೇ ಮನೆಯದಲ್ಲ

ರಾಮನಗರದ ಒಬ್ಬ ರೀಲರ್ ಮನೆಯಲ್ಲಿ, ಎಳೆ ಬಿಚ್ಚಲು ಗೂಡು ಬೇಯಿಸುವ ಒಲೆಯ ಚಿಮಣಿ ಎತ್ತರಿಸಿದೆ. ಹೊಗೆ ನೇರ ಪಕ್ಕದ ಮನೆಯ ಮಹಡಿ ಕಿಟಕಿಗೆ ನುಗ್ಗಿತು. ಅಲ್ಲಿದ್ದ ಬಾಣಂತಿಗೆ ಆದ ತೊಂದರೆಯನ್ನು ನಾನು ಮರೆತಿಲ್ಲ. ಈಗ ಅಂಥ ಬೀದಿಯಲ್ಲಿ ಕೆಲಸ ಬಂದರೆ ಅಕ್ಕಪಕ್ಕದವರನ್ನೆಲ್ಲ ಕೂರಿಸಿಕೊಂಡು, ಗಾಳಿ ಯಾವ ಕಡೆ, ಚರಂಡಿ ಯಾವ ಕಡೆ ಎಂಬಲ್ಲಿಂದ ಶುರುಮಾಡುತ್ತೇನೆ. ಚಿಮಣಿಗೆ ಒಪ್ಪಂದವಾಗುತ್ತದೆ. ಗೂಡು ಬೇಯಿಸಿದ ಅಂಟು ನೀರನ್ನು ಚರಂಡಿಗೆ ಬಿಡದೆ, ಬೀದಿಗೆಲ್ಲ ಸೇರಿ ಒಂದು ತೊಟ್ಟಿಯಲ್ಲಿ ತಂಗಿಸಲು ಜಾಗ ಮಾತ್ರ ಇನ್ನೂ ಎಲ್ಲೂ ಸಿಕ್ಕಿಲ್ಲ.