ಪರದೇಶದ ಸೇವೆ ಮತ್ತು ಮಕ್ಕಳ ಭಾಷೆ

ನಮ್ಮ ಶಾಲೆಯಲ್ಲಿ ಕಲಿತ ಅನೇಕರ ಮಕ್ಕಳು ಇಂದು ದೂರದೇಶಗಳಲ್ಲಿ ನೆಲೆಸಿದ್ದಾರೆ. ರಜೆಯ ಎರಡು ಮೂರು ವಾರಗಳನ್ನು ಬಡನಾಡಿನ ಮಕ್ಕಳಿಗೆ ಪಾಠ ಹೇಳಲು, ಅನಾಥಾಲಯಗಳಲ್ಲಿ ಶುಶ್ರೂಷೆ ಮಾಡಲು ಮೀಸಲಿಡಬೇಕೆಂಬ ಹಂಬಲ ಅವರಲ್ಲಿ ಕೆಲವರಿಗಿದೆ. ನಿವೃತ್ತ ಅಧ್ಯಾಪಕನಾದ ನನ್ನ ಅಭಿಪ್ರಾಯವನ್ನೂ ಕೇಳುತ್ತಾರೆ. ಹಂಬಲ ಶ್ಲಾಘನೀಯ. ಆದರೆ ಸೇವೆಗೂ ಪೂರ್ವಸಿದ್ಧತೆ ಬೇಕು.

ಬ್ರಿಟನ್ನಿನ ಅಲೆಕ್ ಡಿಕ್ಸನ್ ದಂಪತಿಗಳು 1958ರಲ್ಲಿ ವಿ.ಎಸ್.ಒ. ಸಂಸ್ಥೆಯನ್ನು ಹುಟ್ಟುಹಾಕಿದಾಗ, ಆಗಷ್ಟೇ ಶಾಲೆ ಮುಗಿಸಿದ ತರುಣರನ್ನು ಹೊರದೇಶಗಳಿಗೆ ಕಳುಹಿಸಿದರು. ಕೆಲವೇ ವರ್ಷಗಳಲ್ಲಿ ಆ ಸ್ಥಾನಕ್ಕೆ ಪದವೀಧರರೂ ವೃತ್ತಿ ಬಲ್ಲವರೂ ಬಂದರು. ಅಮೆರಿಕದ ಪೀಸ್ ಕೋರ್ 1961ರಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಅದರ ಮೊದಲ ಅಧ್ಯಾಪಕರ ತಂಡವು ಘಾನಾ ದೇಶದ ಆಕ್ರಾ ವಿಮಾನ ನಿಲ್ದಾಣದಲ್ಲಿ ಇಳಿದು, ಅಲ್ಲಿನ ಟ್ವಿ ಭಾಷೆಯಲ್ಲಿ ಹಾಡಿತು. ಸೇವೆಯ ಅವಧಿ ಎರಡು ವರ್ಷ. ಅದಕ್ಕೆ ಮುನ್ನ ಭಾಷಾ ತರಬೇತಿ.

ಈ ಕಟ್ಟುಪಾಡು ಸಡಿಲಿದಾಗ ಏನಾಗುತ್ತದೆಂಬುದಕ್ಕೆ ಕಾಂಬೋಡಿಯಾ ನಿದರ್ಶನ. ಅಲ್ಲಿನ ಅನಾಥಾಲಯಗಳ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದಾರೆಂದು 2011ರ ಯುನಿಸೆಫ್ ವರದಿ ತಿಳಿಸಿತು. ಪ್ರವಾಸಿಗರ ಕಾಣಿಕೆ ಹರಿದುಬಂದಂತೆ ಆಲಯಗಳು ಹೆಚ್ಚಿದವು. ಅವುಗಳನ್ನು ತುಂಬಲು ಬಡವರ ಮಕ್ಕಳು ಮನೆ ಬಿಟ್ಟರು. ವಾರಕ್ಕೊಬ್ಬರಂತೆ ಬಂದು ಅಪ್ಪಿ ಮುದ್ದಾಡಿ ಹೊರಟುಹೋಗುವವರಿಂದ ಮಗುವಿಗೆ ದೊರೆಯುವುದು ಮತ್ತೆ ಮತ್ತೆ ಅಗಲಿಕೆಯೇ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಈ ಬಗೆಯ ಸ್ವಯಂಸೇವೆಯ ಅಪಾಯವನ್ನು ತನ್ನ ನಿರ್ಣಯದಲ್ಲಿ ಉಲ್ಲೇಖಿಸಿತು.

ಶುಶ್ರೂಷೆಯ ಉತ್ತಮ ಮಾದರಿ ನಮ್ಮ ಸಮೀಪದಲ್ಲೇ ಇದೆ. ಕಲ್ಲಿಕೋಟೆಯಲ್ಲಿ 1993ರಲ್ಲಿ ಆರಂಭವಾದ ಪಾಲಿಯೇಟಿವ್ ಆರೈಕೆಯನ್ನು ಕೇರಳದ ಮನೆಮನೆಗೆ ಒಯ್ದವರು ತರಬೇತಿ ಪಡೆದ ನೆರೆಹೊರೆಯವರು. ಹಾಸಿಗೆ ಹಿಡಿದವರ ಮಾತು, ಮನೆಯ ಕಷ್ಟ ಅವರಿಗೆ ಹೇಳದೆಯೇ ತಿಳಿಯುತ್ತದೆ. ಈ ಕ್ರಮವನ್ನು ಕಲಿಯಲೆಂದೇ ಹೊರದೇಶದವರು ಬರುತ್ತಾರೆ.

1956ರ ನಂತರ ಗಡಿಯ ಈಚೆಗೆ ಉಳಿದ ನಮಗೆ ಈ ವಿಷಯ ಹೊಸತಲ್ಲ. ಕನ್ನಡ ಅರಿಯದ ಅಧ್ಯಾಪಕರು ಕನ್ನಡ ತರಗತಿಗೆ ಬಂದಾಗ, ಎಷ್ಟೇ ವಿದ್ವಾಂಸರಾಗಿದ್ದರೂ, ಮಕ್ಕಳ ಪ್ರಶ್ನೆ ಗಂಟಲಲ್ಲೇ ಉಳಿಯುವುದನ್ನು ನಾವು ಕಂಡಿದ್ದೇವೆ. ಕಾಂಬೋಡಿಯಾದ ಮಗುವಿಗೂ ಅದೇ ಸಂಕಟ.

ಆದುದರಿಂದ ಹೊರಡುವ ತರುಣರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಆ ಮಕ್ಕಳ ಭಾಷೆ ನನಗೆ ಬರುವುದೇ? ಒಂದು ಶಾಲಾ ವರ್ಷವಾದರೂ ನಿಲ್ಲಬಲ್ಲೆನೇ? ನಾನು ಮರಳಿದ ಮೇಲೆ ಕೆಲಸವನ್ನು ಮುಂದುವರಿಸುವ ಸ್ಥಳೀಯ ಅಧ್ಯಾಪಕರು ಇರುವರೇ? ಮೂರಕ್ಕೂ ಹೌದೆಂದರೆ ಧೈರ್ಯವಾಗಿ ಹೋಗಲಿ. ಇಲ್ಲವಾದರೆ ಪ್ರಯಾಣಕ್ಕೆ ತಗಲುವ ಹಣವನ್ನು ಅಲ್ಲಿನ ಹಳ್ಳಿಶಾಲೆಯ ಅಧ್ಯಾಪಕರ ವೇತನಕ್ಕೆ ಕೊಡಲಿ, ಅದೂ ಸೇವೆಯೇ.