ವೈರಸ್ ಚುಚ್ಚಿದರೆ ಕ್ಯಾನ್ಸರ್ ಹೋಗುತ್ತದೆಯೇ?

ಪ್ರಶ್ನೆ: ಅಮ್ಮನಿಗೆ ಬಾಯಿ ಕ್ಯಾನ್ಸರ್. ಆಪರೇಷನ್ ಆಗಿ ಮೂರು ವಾರವಾಯಿತು, ಮುಂದೆ ಕರೆಂಟ್ ಕೊಡಬೇಕಂತೆ. ಅದು ಬೇಡ, ವೈರಸ್ ಚುಚ್ಚಿದರೆ ಸಾಕು ಎಂದು ನಂಟರು ವಿಡಿಯೊ ಕಳಿಸುತ್ತಿದ್ದಾರೆ. ಮನೆಯಲ್ಲಿ ಪುಟ್ಟ ಮಗುವಿದೆ. ವೈರಸ್ ಅದಕ್ಕೆ ಅಂಟಿದರೆ?
– ಓದುಗರು, ಕಾಚಿಗುಡ, ಹೈದರಾಬಾದ್

ಉತ್ತರ: ಕೋವಿಡ್ ಕಂಡ ಮೇಲೆ ವೈರಸ್ ಎಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಮಗುವಿರುವ ಮನೆಯಲ್ಲಿ ಇದನ್ನು ಕೇಳಲೇಬೇಕು.

ವಿಡಿಯೊದಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟಿ-ವೆಕ್ ಎಂಬ ಔಷಧ, ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿನಿಂದಲೇ ಮಾಡಿದ್ದು. ನರಕ್ಕೆ ಹಾನಿ ಮಾಡುವ ಅದರ ಜೀನನ್ನು (ವಂಶವಾಹಿ) ತೆಗೆದಿದ್ದಾರೆ. ಆರೋಗ್ಯವಂತ ಕೋಶ ವೈರಸ್ ಹೊಕ್ಕ ಸುಳಿವು ಸಿಕ್ಕೊಡನೆ ತನ್ನ ಕೆಲಸ ನಿಲ್ಲಿಸಿ ಅದನ್ನು ತಡೆಯುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಈ ಕಾವಲು ಎಷ್ಟೋ ಸಲ ಕೆಟ್ಟಿರುತ್ತದೆ. ವೈರಸ್ ಅಲ್ಲಿ ಬೆಳೆದು ಕೋಶವನ್ನು ಒಡೆಯುತ್ತದೆ. ಒಡೆದ ಚೂರುಗಳನ್ನು ಕಂಡು ದೇಹದ ರೋಗನಿರೋಧಕ ಪಡೆಯೂ ಎಚ್ಚರಗೊಳ್ಳುತ್ತದೆ.

ಅಂಟುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಅದಕ್ಕೇ ಚುಚ್ಚಿದ ಜಾಗಕ್ಕೆ ಪಟ್ಟಿ ಕಟ್ಟಿಡುತ್ತಾರೆ, ಪಟ್ಟಿ ಬದಲಿಸುವವರು ಗ್ಲೌಸ್ ಹಾಕಿಕೊಳ್ಳಬೇಕು.

ಆದರೆ ಟಿ-ವೆಕ್ ಒಪ್ಪಿಗೆ ಪಡೆದದ್ದು ಮೆಲನೋಮಾಕ್ಕೆ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್). ಅದರಲ್ಲೂ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಗುಣ ಉಳಿದದ್ದು ನೂರಕ್ಕೆ 16 ಮಂದಿಯಲ್ಲಿ. ತಲೆ, ಕುತ್ತಿಗೆಯ ಕ್ಯಾನ್ಸರಿಗೆ ಚೀನಾ 2005ರಲ್ಲಿ ಇನ್ನೊಂದು ವೈರಸ್ಸಿಗೆ ಒಪ್ಪಿಗೆ ಕೊಟ್ಟಿತು, ಅದೂ ಕೀಮೋ ಜೊತೆಗೆ.

ನನ್ನ ನಿಜವಾದ ಆತಂಕ ಬೇರೆ. ಬಾಯಿಯ ಆಪರೇಷನ್ ಆದ ಮೇಲೆ ಕರೆಂಟ್ (ವಿಕಿರಣ ಚಿಕಿತ್ಸೆ) ಸಾಮಾನ್ಯವಾಗಿ 6 ವಾರದೊಳಗೆ ಶುರುವಾಗಬೇಕು. ತಡವಾದಷ್ಟೂ ಗಡ್ಡೆ ಮರಳುವ ಅಪಾಯ ಹೆಚ್ಚು. ನಿಮಗೆ ಉಳಿದಿರುವುದು ಮೂರೇ ವಾರ. ವಿಡಿಯೊ ಬದಿಗಿಟ್ಟು, ಈ ವಾರವೇ ಅಮ್ಮನನ್ನು ವಿಕಿರಣ ವಿಭಾಗದ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಪ್ರಶ್ನೆ: ಹೈದರಾಬಾದಿನಲ್ಲಿ ವೈರಸ್ ಪ್ರಯೋಗಕ್ಕೆ ಸೇರಿಸುತ್ತೇನೆಂದು ಒಬ್ಬರು ನಾಲ್ಕು ಲಕ್ಷ ಕೇಳುತ್ತಿದ್ದಾರೆ. ಅಣ್ಣನಿಗಾಗಿ ಹೊಲ ಮಾರಬೇಕೇ?
– ಓದುಗರು, ರಾಯಚೂರು

ಉತ್ತರ: ಅಣ್ಣನಿಗಾಗಿ ಹೊಲ ಮಾರಲೂ ಸಿದ್ಧರಾದ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಸದ್ಯಕ್ಕೆ ಮಾರಬೇಡಿ.

ಪ್ರಯೋಗದ ಔಷಧಕ್ಕೆ ರೋಗಿಯಿಂದ ಹಣ ಪಡೆಯುವುದು ಸರಿಯಲ್ಲ. ನಮ್ಮ ದೇಶದ ಪ್ರತಿ ಔಷಧ ಪ್ರಯೋಗಕ್ಕೂ ಸಿಟಿಆರ್‌ಐ (ಸರಕಾರಿ ನೋಂದಣಿ ಪಟ್ಟಿ) ಸಂಖ್ಯೆ ಇರಬೇಕು, ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಎರಡನ್ನೂ ಕೇಳಿ. ಅಣ್ಣನ ರಿಪೋರ್ಟುಗಳನ್ನು ಹೈದರಾಬಾದಿನ ರೆಡ್‌ಹಿಲ್ಸ್‌ನಲ್ಲಿರುವ ಸರಕಾರಿ ಎಂ.ಎನ್.ಜೆ. ಆಸ್ಪತ್ರೆಗೋ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಒಯ್ದು ತೋರಿಸಿ. ಅಲ್ಲಿಯವರೆಗೆ ಆ ವ್ಯಕ್ತಿಗೆ ಮುಂಗಡವೆಂದೂ ಒಂದು ರೂಪಾಯಿ ಕೊಡಬೇಡಿ.