ಅಣ್ಣೆ ಸೊಪ್ಪಿನ ಜಮಾ-ಖರ್ಚು

ಮಳೆಗಾಲದ ಕೊನೆಗೆ ಪುಣೆಯ ಸುತ್ತಲಿನ ಹೊಲಗಳಲ್ಲಿ ಗುಲಾಬಿ ತುದಿಯ ಬೆಳ್ಳಿ ತೆನೆಗಳು ಕಾಣುತ್ತವಲ್ಲ, ಅದನ್ನು ಮರಾಠಿಯವರು ಕುರ್ಡು ಅಂತಾರೆ. ನಮ್ಮ ತುಮಕೂರು ಕಡೆ ಅದೇ ಅಣ್ಣೆ ಸೊಪ್ಪು. ಶಾಸ್ತ್ರೀಯ ಹೆಸರು ಸೆಲೋಸಿಯಾ ಅರ್ಜೆಂಟಿಯಾ, ದಂಟಿನ ಕುಟುಂಬದ್ದು. ತೋಟದ ಕೋಳಿಜುಟ್ಟು ಇದರದೇ ಸಾಕಿದ ರೂಪ.

ಇದು ಒಂದೇ ಹಂಗಾಮಿನ ಗಿಡ. ಮುಂಗಾರಿಗೆ ಮೊಳೆತು, ಚಳಿಗಾಲ ಕಳೆಯುವಷ್ಟರಲ್ಲಿ ಬೀಜ ಉದುರಿಸಿ ಒಣಗುತ್ತದೆ. ಬೇಕಾದದ್ದು ಉತ್ತ ಮಣ್ಣು, ತುಂಬ ಬಿಸಿಲು, ನೀರು ನಿಲ್ಲದ ಜಾಗ. ಅಂದರೆ ಜೋಳಕ್ಕೋ ಶೇಂಗಾಕ್ಕೋ ರೈತ ಮಾಡಿದ ಹದವೆಲ್ಲ ಇದಕ್ಕೂ ಹದವೇ. ನೆರಳಲ್ಲಿ ಮಾತ್ರ ಸೊರಗುತ್ತೆ. ಹೂ ತೆನೆಯ ಬುಡದಿಂದ ಮೇಲಕ್ಕೆ ಅರಳುವುದರಿಂದ, ತುದಿ ಇನ್ನೂ ಗುಲಾಬಿಯಾಗಿರುವಾಗಲೇ ಕೆಳಗೆ ಹೊಳೆಯುವ ಕಪ್ಪು ಬೀಜ ಬಲಿತಿರುತ್ತದೆ. ಆಮೇಲೆ ಕಿತ್ತು ಬದುವಿಗೆ ಎಸೆದರೆ ನಾವೇ ಬಿತ್ತಿದ ಹಾಗೆ!

ಕಾಮರ್ಸಿನವನಾದ ನನಗೆ ಇದರ ಖಾತೆ ವಿಚಿತ್ರ ಅನ್ನಿಸುತ್ತೆ. ರೈತನ ಪುಸ್ತಕದಲ್ಲಿ ಇದು ಕಳೆ, ಬರೀ ಖರ್ಚು. ಎಳೆಯದರಲ್ಲೇ ಕಿತ್ತರೆ ಬೆರಕೆ ಸೊಪ್ಪಿನ ಸಾರಿಗೆ ಜಮಾ. ನಮ್ಮಜ್ಜಿ ಮತ್ತು ಕೂಲಿ ಹೆಂಗಸರು ಕಳೆ ಕೀಳುತ್ತಲೇ ರಾತ್ರಿಯ ಸೊಪ್ಪನ್ನು ಮಡಿಲಿಗೆ ಆರಿಸಿಕೊಳ್ತಿದ್ದರು. ಈಗ ಎಷ್ಟೋ ಕಡೆ ಕಳೆನಾಶಕ ಹೊಡೀತಾರೆ. ರೈತನಿಗೆ ಕೂಲಿ ಉಳಿಯಿತು. ಆ ಹೆಂಗಸರಿಗೆ ಕೂಲಿಯೂ ಹೋಯಿತು, ಸೊಪ್ಪೂ ಹೋಯಿತು. ಔಷಧಿ ಬಿದ್ದ ಹೊಲದ ಸೊಪ್ಪನ್ನು ತಿನ್ನುವ ಹಾಗಿಲ್ಲವಲ್ಲ.